ಅಬೀಗೈಲ್ ಬೆಳಗಾಗುವವರೆಗೆ ಕಾದಳು

ಸಹೋದರಿಯರೇ, 1 ಸಮುವೇಲ 25ನೇ ಅಧ್ಯಾಯ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಅರ್ಧ ಗಂಟೆ ವಾಟ್ಸಾಪ್ ನೋಡಬೇಡಿ, ಅದು ಎಲ್ಲಿಗೂ ಓಡಿಹೋಗಲ್ಲ.

ನಾಬಾಲ ದೊಡ್ಡ ಶ್ರೀಮಂತ. 3,000 ಕುರಿ, 1,000 ಆಡು. ಕರ್ಮೆಲಿನಲ್ಲಿ ಉಣ್ಣೆ ಕತ್ತರಿಸುವ ಕಾಲ, ಹಬ್ಬದ ಊಟ. ಅಡವಿಯಲ್ಲಿ ಅವನ ಕುರುಬರಿಗೆ ಕಾವಲಾಗಿದ್ದ ದಾವೀದ ಹತ್ತು ಹುಡುಗರನ್ನ ಕಳಿಸಿ ಮರ್ಯಾದೆಯಿಂದಲೇ ಕೇಳಿದ. ನಾಬಾಲ ಬೈದು ಕಳಿಸಿದ. ದಾವೀದ 400 ಜನರಿಗೆ ಕತ್ತಿ ಕಟ್ಟಿಸಿ ಹೊರಟೇಬಿಟ್ಟ.

ಇಲ್ಲಿ ಸ್ವಲ್ಪ ನಿಲ್ಲೋಣ. ಎರಡು ಅಧ್ಯಾಯ ಹಿಂದೆ ಹೋಗಿ ನೋಡಿ. ಕೆಯೀಲಾ ಊರಿಗೆ ಹೋಗಬೇಕಾ ಬೇಡವಾ ಅಂತ ಇದೇ ದಾವೀದ ದೇವರನ್ನ ವಿಚಾರಿಸಿದ. ಒಂದು ಸಾರಿ ಅಲ್ಲ, ಎರಡು ಸಾರಿ. 25ನೇ ಅಧ್ಯಾಯದಲ್ಲಿ ವಿಚಾರಿಸಿದ ಅಂತ ಎಲ್ಲೂ ಬರೆದಿಲ್ಲ. ಅಭಿಷೇಕ ಹೊಂದಿದವನು, ಕೀರ್ತನೆ ಹಾಡಿದವನು, ಆದರೆ ಅವಮಾನ ಆದ ದಿನ ಪ್ರಾರ್ಥನೆ ಮರೆತುಹೋಯ್ತು. ನಮಗೂ ಹಾಗೇ ಅಲ್ವಾ? ದೊಡ್ಡ ವಿಷಯಕ್ಕೆ ಉಪವಾಸ ಮಾಡ್ತೀವಿ. ಯಾರಾದ್ರೂ ಚುಚ್ಚಿ ಮಾತಾಡಿದಾಗ ಬೆರಳು ತಾನಾಗೇ ಟೈಪ್ ಮಾಡುತ್ತೆ.

ಈಗ ಅಬೀಗೈಲಳನ್ನ ನೋಡಿ. ಒಬ್ಬ ಆಳು ಓಡಿಬಂದು ಹೀಗಾಯ್ತಮ್ಮ ಅಂತ ಹೇಳಿದ. ಅವಳು ಕೇಳಿಸಿಕೊಂಡಳು. ಯಜಮಾನತಿ ಆಳಿನ ಮಾತು ಕೇಳಿದಳು, ಅದೇ ಮೊದಲ ವಿವೇಕ. ಆಮೇಲೆ ತಡಮಾಡಲಿಲ್ಲ. 200 ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಐದು ಕುರಿಗಳ ಮಾಂಸ, ಹುರಿಗಾಳು, 100 ಗೊಂಚಲು ಒಣದ್ರಾಕ್ಷಿ, 200 ಅಂಜೂರದ ಉಂಡೆ, ಎಲ್ಲ ಕತ್ತೆಗಳ ಮೇಲೆ ಹೇರಿಸಿದಳು. ಎಷ್ಟು ಜನ ಬರ್ತಿದ್ದಾರೆ, ಅವರಿಗೆ ಏನು ಬೇಕು ಅಂತ ಯೋಚನೆ ಮಾಡಿದ ಪಟ್ಟಿ ಅದು. ಗಂಡನಿಗೆ ತಿಳಿಸಲಿಲ್ಲ.

ಆದರೆ ಪಾಸ್ಟರಮ್ಮ, ಅವಳು ಪ್ರಾರ್ಥನೆ ಮಾಡಿದ್ದು ಎಲ್ಲಿದೆ ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಮೊಣಕಾಲೂರಿದಳು ಅಂತ ಬರೆದಿಲ್ಲ, ನಾನು ಸೇರಿಸಿ ಹೇಳಲ್ಲ. ಆದರೆ ಅವಳು ದಾವೀದನ ಮುಂದೆ ಆಡಿದ ಮಾತು ಓದಿ, 26ರಿಂದ 31ನೇ ವಚನ. ಮತ್ತೆ ಮತ್ತೆ ಕರ್ತನ ಹೆಸರೇ ಬರುತ್ತೆ. ದೇವರು ದಾವೀದನಿಗೆ ಏನು ಇಟ್ಟಿದ್ದಾನೆ ಅಂತ ಅವಳಿಗೆ ಗೊತ್ತು. ಆ ಮಾತು ಕತ್ತೆ ಮೇಲೆ ಕೂತಾಗ ಹುಟ್ಟಿದ್ದಲ್ಲ. ದಿನಾ ದೇವರ ಹತ್ತಿರ ಇದ್ದವಳ ಬಾಯಿಂದ ಅವಸರದ ದಿನವೂ ಅದೇ ಹೊರಗೆ ಬರುತ್ತೆ.

ದಾವೀದ ಕತ್ತಿ ಇಳಿಸಿದ. ಅವಳನ್ನ ಕಳಿಸಿದ ದೇವರಿಗೆ ಸ್ತೋತ್ರ ಹೇಳಿ, ಅವಳ ವಿವೇಕವನ್ನೂ ಹೊಗಳಿದ.

ನನಗೆ ಇನ್ನೂ ಇಷ್ಟ 36ನೇ ವಚನ. ಮನೆಗೆ ಬಂದರೆ ಗಂಡ ರಾಜನ ಹಾಗೆ ಔತಣ ಮಾಡ್ಕೊಂಡು ಪೂರ್ತಿ ಕುಡಿದಿದ್ದಾನೆ. ಅವಳು ಬೆಳಗಾಗುವವರೆಗೆ ಒಂದು ಮಾತೂ ಹೇಳಲಿಲ್ಲ. ಒಂದೇ ದಿನ! ಒಂದು ಕಡೆ ಓಡಿದಳು, ಇನ್ನೊಂದು ಕಡೆ ಕಾದಳು. ನಾನಾಗಿದ್ರೆ ಉಲ್ಟಾ ಮಾಡ್ತಿದ್ದೆ. ಒಮ್ಮೆ ರಾತ್ರಿ ಹನ್ನೊಂದೂವರೆಗೆ ನನ್ನ ನಾದಿನಿಗೆ ಉದ್ದ ಮೆಸೇಜ್ ಕಳಿಸಿದೆ. ಬರೆದಿದ್ದೆಲ್ಲ ನಿಜವೇ. ಬೆಳಗ್ಗೆ ಡಿಲೀಟ್ ಮಾಡೋಣ ಅಂದ್ರೆ ಅವಳು ಓದಿಯಾಗಿತ್ತು. ಮತ್ತೆ ಮಾತಾಡೋಕೆ ನಾಲ್ಕು ತಿಂಗಳು ಹಿಡೀತು.

ಇನ್ನೊಂದು ಹೇಳಲೇಬೇಕು. ಕುಡಿದು ಹೊಡೆಯೋ ಗಂಡನನ್ನ ಸಹಿಸ್ಕೋ, ಅಬೀಗೈಲ್ ಸಹಿಸಲಿಲ್ವಾ ಅಂತ ಕೆಲವರು ಈ ಭಾಗವನ್ನ ಉಪಯೋಗಿಸ್ತಾರೆ. ವಾಕ್ಯ ಹಾಗೆ ಹೇಳಲ್ಲ. ಮನೆಯವರ ಪ್ರಾಣಕ್ಕೆ ಅಪಾಯ ಅಂದಾಗ ಅವಳು ಗಂಡನ ಅಪ್ಪಣೆಗೂ ಕಾಯಲಿಲ್ಲ. ಹೊಡೆತ ತಿನ್ನುತ್ತಿರುವ ಸಹೋದರಿ ಇಲ್ಲಿದ್ದರೆ ಬೆಳಗಿನವರೆಗೆ ಕಾಯಬೇಡಮ್ಮ. ಇವತ್ತೇ ಹೇಳು. ಪೊಲೀಸರ ಹತ್ತಿರ ಹೋಗಬೇಕಾದರೂ ನಾನು ನಿನ್ನ ಜೊತೆ ಬರ್ತೀನಿ.

ಮದುವೆ ವಿಷಯಕ್ಕೆ ಬರೋಣ, ನಿಮ್ಮಲ್ಲಿ ಅರ್ಧ ಜನಕ್ಕೆ ಈ ವರ್ಷ ಅದೇ ಚಿಂತೆ. ಕೂಟದಲ್ಲಿ ಯಾರೋ ತಲೆ ಮೇಲೆ ಕೈಯಿಟ್ಟು, ಈ ಹುಡುಗನೇ ನಿನಗೆ, ಕರ್ತನು ತೋರಿಸಿದ ಅಂತಾರೆ. ಹೆದರಿ ಒಪ್ಪಬೇಡಿ, ತಿರಸ್ಕರಿಸಲೂ ಬೇಡಿ. 1 ಥೆಸಲೋನಿಕ 5ರಲ್ಲಿ ಪ್ರವಾದನೆಯನ್ನ ಹೀನೈಸಬೇಡಿ ಅಂದ ಪೌಲನೇ ಮುಂದಿನ ಉಸಿರಲ್ಲೇ ಎಲ್ಲವನ್ನ ಪರೀಕ್ಷಿಸಿ ಅಂತಾನೆ. ಹುಡುಗ ಕೆಲಸ ಮಾಡುವ ಕಡೆ ವಿಚಾರಿಸಿ, ಅವನ ಸಭೆಯಲ್ಲಿ ಕೇಳಿ, ಸಾಲ ಎಷ್ಟಿದೆ ಕೇಳಿ. ಅವನ ಅಮ್ಮನ ಜೊತೆ ಅವನು ಹೇಗೆ ಮಾತಾಡ್ತಾನೆ ನೋಡಿ. ವಿಚಾರಿಸೋದು ಅವಿಶ್ವಾಸ ಅಲ್ಲ. ಜ್ಞಾನೋಕ್ತಿ 31ರ ಹೆಂಗಸು ಒಂದು ಹೊಲ ಕೊಳ್ಳೋಕೂ ಮೊದಲು ಆಲೋಚಿಸಿದಳು, ನೀವು ಒಂದು ಜೀವನ ಕೊಡ್ತಾ ಇದ್ದೀರಿ.

ಈಗ ಎದ್ದು ನಿಲ್ಲೋಣ. ಉತ್ತರ ಕೊಡಬೇಕಾದ ಒಂದು ಮೆಸೇಜ್, ಒಂದು ಆಫರ್ ಲೆಟರ್, ಒಂದು ಸಂಬಂಧ ನಿಮ್ಮ ಮನಸ್ಸಲ್ಲಿದ್ದರೆ ಅದನ್ನ ಹೆಸರು ಹಿಡಿದು ಕರ್ತನಿಗೆ ಹೇಳಿ. ಓಡಬೇಕಾ, ಕಾಯಬೇಕಾ ಅಂತ ಕೇಳಿ. ಮ್ಯೂಸಿಕ್ ಟೀಮ್ ಮೆಲ್ಲಗೆ ನುಡಿಸಲಿ, ನಾವು ಸ್ವಲ್ಪ ಹೊತ್ತು ಸುಮ್ಮನೆ ಆತನ ಸನ್ನಿಧಿಯಲ್ಲಿ ಇರೋಣ.