ಕಂಡಿಯ ಬಾಯಲ್ಲಿ ನಿಂತವನು

2007ರ ಸೆಪ್ಟೆಂಬರ್ 23. ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ, ಉತ್ತರ ಸಮುದ್ರದ ಅನಿಲ ಕ್ಷೇತ್ರವೊಂದರ ಕಾವಲಿಗಿದ್ದ 'ವೈಕಿಂಗ್ ಐಲಾ' ಹಡಗಿನಲ್ಲಿ ಲಂಗರಿನ ಸರಪಳಿ ಖಣಖಣ ಸದ್ದು ಮಾಡುತ್ತಿತ್ತು. ಅದನ್ನು ಬಿಗಿದು ಕಟ್ಟಲು ಇಬ್ಬರು ನಾವಿಕರು ಹೋದರು. ಸರಪಳಿ ಇಡುವ ಕೋಣೆಗೆ ಇಳಿದ ಒಬ್ಬ ಅಲ್ಲೇ ಕುಸಿದ. ಇನ್ನೊಬ್ಬ ಸುದ್ದಿ ಮುಟ್ಟಿಸಿ ಅವನನ್ನು ಎತ್ತಲು ಇಳಿದ, ಅವನೂ ಬಿದ್ದ. ಮೂರನೆಯವನು ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬಂದರೆ ಆ ಕಂಡಿಯಲ್ಲಿ ತೂರಲಾಗಲಿಲ್ಲ. ಅದನ್ನು ಬಿಟ್ಟು, ಅಪಾಯದಿಂದ ಓಡಿ ಪಾರಾಗಲೆಂದು ಇಟ್ಟಿರುವ ಉಸಿರಾಟದ ಮುಸುಕು ತೊಟ್ಟು ಇಳಿದ. ಒಳಗೆ ಅದು ಕಳಚಿತು. ಮೂವರೂ ಬದುಕಲಿಲ್ಲ. ಕಡಲಲ್ಲಿ ಆಪತ್ತಿಗೆ ಸಿಕ್ಕವರನ್ನು ಕಾಪಾಡುವುದೇ ಆ ಹಡಗಿನ ಕೆಲಸವಾಗಿತ್ತು.

ಅವರನ್ನು ಕೊಂದದ್ದು ತುಕ್ಕು. ಕಬ್ಬಿಣ ತುಕ್ಕು ಹಿಡಿಯುವಾಗ ಮುಚ್ಚಿದ ಕೋಣೆಯ ಆಮ್ಲಜನಕವನ್ನು ಹೀರುತ್ತದೆ. ಉಸಿರಾಡುವ ಗಾಳಿಯಲ್ಲಿ ಅದು ಶೇ 21ರಷ್ಟಿರಬೇಕು; ತೀರಾ ಇಳಿದರೆ ಒಂದೆರಡು ಉಸಿರಿಗೇ ಪ್ರಜ್ಞೆ ಹೋಗುತ್ತದೆ. ವಾಸನೆಯಿಲ್ಲ, ಕೆಮ್ಮಿಲ್ಲ, ಹಿಂದೆ ಸರಿಯಲು ಪುರುಸೊತ್ತಿಲ್ಲ. ಕಲ್ಲಿದ್ದಲು, ಮರದ ದಿಮ್ಮಿ ತುಂಬಿದ ಹಡಗಿನ ಒಡಲಲ್ಲೂ ಹೀಗಾಗುತ್ತದೆ. ನಮ್ಮ ನವಮಂಗಳೂರು ಬಂದರಿಗೂ ಕಲ್ಲಿದ್ದಲಿನ ಹಡಗುಗಳು ಬರುತ್ತವೆ. ಕಾಪಾಡಲು ಇಳಿದವರೂ ಬೀಳುವುದು ನೆಲದ ಮೇಲೂ ಉಂಟು: 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬ ಬಿದ್ದ, ಎತ್ತಲು ಹೋದವರೂ ಬಿದ್ದರು, ಬಂಗಾಳದಿಂದ ದುಡಿಯಲು ಬಂದಿದ್ದ ಐವರು ತೀರಿಕೊಂಡರು.

2015ರಿಂದ ಅಂತರರಾಷ್ಟ್ರೀಯ ನಿಯಮದಂತೆ ಹಡಗುಗಳಲ್ಲಿ ಎರಡು ತಿಂಗಳಿಗೊಮ್ಮೆ ಇಂಥ ರಕ್ಷಣೆಯ ತಾಲೀಮು ನಡೆಯಬೇಕು. 2016ರ ಜುಲೈಯಿಂದ ಗಾಳಿ ಪರೀಕ್ಷಿಸುವ ಸಾಧನವೂ ಕಡ್ಡಾಯ. ಒಳ್ಳೆಯದೇ. ಆದರೆ ಅಗಲವಾದ ಬಾಗಿಲ ಬಳಿ ನಡೆಸಿ, ಪುಸ್ತಕದಲ್ಲಿ ಬರೆದಿಟ್ಟ ತಾಲೀಮಿನಿಂದ ಯಾರ ಜೀವವೂ ಉಳಿಯದು. ಹಡಗಿನ ಅತಿ ಇಕ್ಕಟ್ಟಿನ ಕಂಡಿಯಲ್ಲಿ, ಆಳಿನ ತೂಕದ ಗೊಂಬೆಯನ್ನು ಒಳಗಿಟ್ಟು, ಸಿಲಿಂಡರ್ ಹೊತ್ತು ಇಳಿದು, ಎಳೆದು ಮೇಲೆ ತರಬೇಕು. ಸಿಲಿಂಡರ್ ತೂರುವುದಿಲ್ಲ ಎಂಬುದು ಅಂದೇ ಗೊತ್ತಾಗಲಿ.

ಕಂಡಿಯ ಬಾಯಲ್ಲಿ ನಿಲ್ಲುವವನು ಒಳಗಿನವನ ಮೇಲೆ ಕಣ್ಣಿಟ್ಟಿರಬೇಕು, ಅವನು ಬಿದ್ದರೆ ಜನರನ್ನು ಕೂಗಬೇಕು, ತಾನು ಮಾತ್ರ ಇಳಿಯಕೂಡದು. ಬೆಳಿಗ್ಗೆ ಜೊತೆಗೆ ಕೂತು ಉಂಡವನು ಕಣ್ಣೆದುರೇ ಬಿದ್ದಿರುವಾಗ ಹಾಗೆ ನಿಲ್ಲುವುದು ಸುಲಭವೇ? ಇಳಿದು ಸತ್ತವನನ್ನು ದುಡುಕಿದ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಳಗಿನವನ ಮೈಗೆ ಕಟ್ಟಿದ ಹಗ್ಗ ಕೈಯಲ್ಲಿದ್ದು, ಮೇಲೊಂದು ರಾಟೆ ಇದ್ದರೆ ಕಂಡಿಯ ಬಾಯಲ್ಲಿರುವವನು ನಿಂತಲ್ಲಿಂದಲೇ ಎಳೆಯುತ್ತಾನೆ. ಬರಿಗೈಯಾದರೆ ಇಳಿದೇಬಿಡುತ್ತಾನೆ. ಹಗ್ಗ, ರಾಟೆ, ಸಿಲಿಂಡರ್ ಕಂಡಿಯ ಬಳಿ ಬಂದು ಸೇರುವ ತನಕ ಒಳಗಿಳಿಯುವ ಪರವಾನಗಿಗೆ ಕ್ಯಾಪ್ಟನ್ ಸಹಿ ಹಾಕಬಾರದು. ಅದಕ್ಕೆ ಹಿಡಿಯುವ ಹೊತ್ತನ್ನು ಹಡಗಿನ ಮಾಲೀಕರು ನಷ್ಟವೆಂದು ಲೆಕ್ಕ ಹಾಕಬಾರದು.