ಗಂಟೆ ಬಾರಿಸದ ದಿನಗಳಲ್ಲಿ

ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬೇಸಿಗೆ ರಜೆ ಆರಂಭವಾಗುತ್ತದೆ; ಮತ್ತೆ ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಸುಮಾರು ಐವತ್ತು ದಿನಗಳ ಈ ಅವಧಿಯಲ್ಲಿ ಮನೆಮನೆಯಲ್ಲಿಯೂ ಕೇಳಿಬರುವ ಅಳಲು ಒಂದೇ. ವರ್ಷವಿಡೀ ಆರು ಗಂಟೆಗೆ ಏಳುತ್ತಿದ್ದ ಮಗ ಒಂಬತ್ತಾದರೂ ಹಾಸಿಗೆ ಬಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ ಮಗಳಿಗೆ ಈಗ ಊಟಕ್ಕೆ ಹೊತ್ತುಗೊತ್ತಿಲ್ಲ. ಮೊಬೈಲ್ ಅಂತೂ ಕೈಯಿಂದ ಕೆಳಗಿಳಿಯುವುದಿಲ್ಲ. ಹತ್ತು ತಿಂಗಳು ಕಲಿಸಿದ ಒಳ್ಳೆಯ ಅಭ್ಯಾಸವೆಲ್ಲ ಹತ್ತೇ ದಿನದಲ್ಲಿ ಮಣ್ಣುಪಾಲಾಯಿತೆಂದು ತಾಯಂದಿರು ಹಲುಬುತ್ತಾರೆ.

ಈ ಅಳಲಿನೊಳಗೆ ನೀತಿಶಾಸ್ತ್ರದ ಹಳೆಯ ಪ್ರಶ್ನೆಯೊಂದು ಅಡಗಿದೆ. ಹತ್ತೇ ದಿನಗಳಲ್ಲಿ ಕರಗಿಹೋದದ್ದು ನಿಜಕ್ಕೂ ಮಗುವಿನ ಅಭ್ಯಾಸವಾಗಿತ್ತೇ? ಅಥವಾ ಶಾಲೆಯ ಗಂಟೆ, ವ್ಯಾನಿನ ಹಾರ್ನು, ಶಿಕ್ಷಕರ ಭಯ ಇವೆಲ್ಲ ಕೂಡಿ ಹೊರಗಿನಿಂದ ಹಿಡಿದು ನಿಲ್ಲಿಸಿದ್ದ ಶಿಸ್ತು ಮಾತ್ರವಾಗಿತ್ತೇ? ಎರಡನೆಯದೇ ನಿಜವಾದರೆ ರಜೆಯನ್ನು ದೂಷಿಸಿ ಫಲವಿಲ್ಲ. ಅಭ್ಯಾಸವಿನ್ನೂ ಹುಟ್ಟಿರಲಿಲ್ಲ ಎಂಬುದನ್ನು ರಜೆ ನಮಗೆ ತೋರಿಸಿಕೊಟ್ಟಿತು, ಅಷ್ಟೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ತನ್ನ ‘ನಿಕೊಮೇಕಿಯನ್ ಎಥಿಕ್ಸ್’ ಗ್ರಂಥದಲ್ಲಿ ಈ ವಿಷಯವನ್ನು ಸವಿಸ್ತಾರವಾಗಿ ಚರ್ಚಿಸಿದ್ದಾನೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ನಮ್ಮ ಗಾದೆಯನ್ನು ಅವನು ಒಪ್ಪುತ್ತಿರಲಿಲ್ಲ. ಮನೆ ಕಟ್ಟುತ್ತಾ ಕಟ್ಟುತ್ತಾ ಒಬ್ಬನು ಮೇಸ್ತ್ರಿಯಾಗುವಂತೆ, ಸಂಯಮದ ಕೆಲಸ ಮಾಡುತ್ತಾ ಮಾಡುತ್ತಾ ಮನುಷ್ಯನು ಸಂಯಮಿಯಾಗುತ್ತಾನೆ ಎಂಬುದು ಅವನ ವಾದ. ಆದರೆ ಕೆಟ್ಟದಾಗಿ ಕಟ್ಟುತ್ತಾ ಹೋದವನು ಕೆಟ್ಟ ಮೇಸ್ತ್ರಿಯೂ ಆಗುತ್ತಾನೆ. ಗುಣವು ನಮ್ಮದಾಗಿದೆಯೇ ಎಂದು ಅಳೆಯಲು ಅವನು ಕೊಡುವ ಅಳತೆಗೋಲು ಬಹಳ ಸರಳವಾದುದು: ಆ ಕೆಲಸವನ್ನು ಸಂತೋಷದಿಂದ ಮಾಡುತ್ತೇವೆಯೋ, ಗೊಣಗುತ್ತಾ ಮಾಡುತ್ತೇವೆಯೋ ಎಂಬುದು. ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಟ್ಟು ಪಾಸ್ಖದ ಬೆಳಿಗ್ಗೆಯೇ ಎಲ್ಲವನ್ನೂ ಬಡ್ಡಿ ಸಮೇತ ವಸೂಲು ಮಾಡುವ ನಾವು ಹಿರಿಯರು ಈ ಅಳತೆಗೋಲನ್ನು ಮಕ್ಕಳ ಮೇಲಷ್ಟೇ ಪ್ರಯೋಗಿಸುವುದು ನ್ಯಾಯವಲ್ಲ.

ಹಾಗೆಂದು ಶಿಸ್ತನ್ನು ಹೀಗಳೆಯುವುದು ಸಲ್ಲದು. ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಬೇಕೇ ಬೇಕು. ಆದರೆ ಸೆಂಟ್ರಿಂಗ್ ಬಿಚ್ಚುವ ದಿನವೂ ಬರಬೇಕು. ಮೇಲಿನದು ತಾನಾಗಿ ನಿಂತಿದೆಯೋ ಇಲ್ಲವೋ ತಿಳಿಯುವುದು ಆಗಲೇ.

ಸಂತ ಅಗಸ್ಟೀನರು ಸುಮಾರು ಕ್ರಿ.ಶ. 400ರ ಹೊತ್ತಿಗೆ ಬರೆದು ಮುಗಿಸಿದ ‘ಕನ್ಫೆಶನ್ಸ್’ ಎಂಬ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ತಮ್ಮ ತಾಯಿ ಸಂತ ಮೋನಿಕಮ್ಮನವರ ಬಾಲ್ಯದ ಪ್ರಸಂಗವೊಂದಿದೆ. ಉತ್ತರ ಆಫ್ರಿಕದ ಸೆಕೆಯ ನಾಡು ಅದು. ಮನೆಯಲ್ಲಿ ವೃದ್ಧ ಸೇವಕಿಯೊಬ್ಬಳಿದ್ದಳು. ಮೋನಿಕಾಳ ತಂದೆಯನ್ನು ಮಗುವಾಗಿದ್ದಾಗ ಬೆನ್ನ ಮೇಲೆ ಹೊತ್ತು ಬೆಳೆಸಿದ ಅವಳೆಂದರೆ ಮನೆಯವರಿಗೆಲ್ಲ ಗೌರವ. ಹೆಣ್ಣುಮಕ್ಕಳ ಹೊಣೆಯನ್ನು ಆಕೆಗೇ ಒಪ್ಪಿಸಲಾಗಿತ್ತು. ಊಟದ ಹೊತ್ತಿನ ಹೊರತು, ಗಂಟಲು ಒಣಗಿದರೂ ಮಕ್ಕಳಿಗೆ ನೀರು ಕುಡಿಯಲು ಆಕೆ ಬಿಡುತ್ತಿರಲಿಲ್ಲ. ಈಗ ದ್ರಾಕ್ಷಾರಸ ನಿಮ್ಮ ಕೈಗೆಟುಕದ ಕಾರಣ ನೀರು ಕುಡಿಯುತ್ತೀರಿ; ಮದುವೆಯಾಗಿ ಉಗ್ರಾಣದ ಒಡತಿಯರಾದಾಗ ನೀರು ರುಚಿಸದು, ಆದರೆ ಕುಡಿಯುವ ಚಾಳಿ ಉಳಿದಿರುತ್ತದೆ ಎಂಬುದು ಆಕೆಯ ತರ್ಕ.

ಇಷ್ಟು ಕಟ್ಟುನಿಟ್ಟಿನಲ್ಲಿ ಬೆಳೆದರೂ ಏನಾಯಿತು? ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೆತ್ತವರು ಮೋನಿಕಾಳನ್ನೇ ಕಳುಹಿಸುತ್ತಿದ್ದರು. ಮೊದಮೊದಲು ಆಕೆ ತುಟಿಯ ತುದಿಗೆ ತಾಗುವಷ್ಟೇ ಹೀರಿದಳು. ಅದೂ ಆಸೆಯಿಂದಲ್ಲ, ಹುಡುಗಾಟಿಕೆಯಿಂದ. ದಿನಕ್ಕಿಷ್ಟು ಸೇರುತ್ತಾ ಸೇರುತ್ತಾ ಕೊನೆಗೆ ಬಹುಮಟ್ಟಿಗೆ ತುಂಬಿದ ಬಟ್ಟಲನ್ನೇ ಕುಡಿಯತೊಡಗಿದಳು. ವೃದ್ಧೆಯ ನಿಷೇಧ ಆಗ ನೆರವಿಗೆ ಬರಲಿಲ್ಲ. ಜೊತೆಗೆ ಹೋಗುತ್ತಿದ್ದ ಕೆಲಸದ ಹುಡುಗಿ ಒಂದು ದಿನ ಜಗಳದ ಭರದಲ್ಲಿ ಕುಡುಕಿ ಎಂದು ಮೂದಲಿಸಿದಳು. ಆ ಮಾತು ಚುಚ್ಚಿತು. ಮೋನಿಕಾ ತನ್ನನ್ನು ತಾನೇ ನೋಡಿಕೊಂಡಳು, ಅಸಹ್ಯಪಟ್ಟಳು, ಬಿಟ್ಟುಬಿಟ್ಟಳು. ಬೈದವಳ ಉದ್ದೇಶ ಒಳ್ಳೆಯದಾಗಿರಲಿಲ್ಲವೆಂಬುದನ್ನೂ, ಅದರಿಂದಲೇ ದೇವರು ಆಕೆಯನ್ನು ಗುಣಪಡಿಸಿದರೆಂಬುದನ್ನೂ ಅಗಸ್ಟೀನರು ಮರೆಯದೆ ದಾಖಲಿಸುತ್ತಾರೆ.

ಬಾಯಾರಿದ ಮಕ್ಕಳಿಗೆ ನೀರು ನಿರಾಕರಿಸಿದ್ದು ವೃದ್ಧೆಯ ತಪ್ಪೆಂದೇ ನನ್ನ ಅಭಿಪ್ರಾಯ. ಬಿಸಿಲಕಾಲದಲ್ಲಿ ಬಾಯಾರುವ ಮೊದಲೇ ನೀರು ಕುಡಿಯಬೇಕು, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಹೋಗಬಾರದು ಎಂದು ಇಂದು ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಎಚ್ಚರಿಸುತ್ತಾರೆ. ಆದರೆ ಆಕೆ ಗಮನಿಸಿದ್ದರಲ್ಲಿ ಸತ್ಯವಿತ್ತು. ದಾಹವಾದಾಗ ಕೈ ಯಾವುದರ ಕಡೆಗೆ ಹೋಗುತ್ತದೆ ಎಂಬುದು ಚಿಕ್ಕಂದಿನಲ್ಲೇ ನಿಶ್ಚಯವಾಗತೊಡಗುತ್ತದೆ. ನಮ್ಮ ಮನೆಗಳಲ್ಲಿ ಆ ಕೈ ಈಗ ಮಜ್ಜಿಗೆಯನ್ನೂ ರಾಗಿ ಅಂಬಲಿಯನ್ನೂ ದಾಟಿ ಫ್ರಿಜ್ಜಿನೊಳಗಿನ ಬಣ್ಣದ ಸೀಸೆಗೆ ಹೋಗುತ್ತಿದೆ. 300 ಮಿಲಿಲೀಟರಿನ ಕೋಲಾ ಸೀಸೆಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರೇಳು ಸಣ್ಣ ಚಮಚದಷ್ಟು. ನೆಂಟರು ಬಂದಾಗ ಅದನ್ನು ಮೊದಲು ತಂದಿಡುವವರು ಯಾರೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ದೇಹವು ಅಭ್ಯಾಸ ಮಾಡಿಕೊಳ್ಳುವ ರೀತಿಯೂ ಮೋನಿಕಾಳ ಬಟ್ಟಲಿನಂತೆಯೇ. ಸೆಕೆಗೆ ಹೊಂದಿಕೊಳ್ಳಲು ಶರೀರಕ್ಕೆ ಒಂದೆರಡು ವಾರ ಬೇಕು. ದಿನವೂ ಸ್ವಲ್ಪ ಸ್ವಲ್ಪವಾಗಿ ಬಿಸಿಯಲ್ಲಿ ದುಡಿದವನಿಗೆ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಕೆಲವು ವಾರ ತಂಪಿನಲ್ಲಿ ಕುಳಿತರೆ ಆ ಸಾಮರ್ಥ್ಯ ಮಾಯವಾಗುತ್ತದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸದ್ಗುಣದ ಬಗ್ಗೆಯೂ ಇದೇ ಮಾತನ್ನು ವಾದಿಸಿ ತೋರಿಸಿದ್ದಾರೆ: ಕೆಟ್ಟ ಕೆಲಸ ಮಾಡಬೇಕೆಂದೇನೂ ಇಲ್ಲ, ಒಳ್ಳೆಯದನ್ನು ಮಾಡದೆ ಬಹುಕಾಲ ಬಿಟ್ಟರೂ ಗುಣವು ಕ್ಷೀಣಿಸುತ್ತದೆ.

ಯಾಂತ್ರಿಕವಾಗಿ ಮಾಡಿದ ಒಳಿತಿಗೆ ಬೆಲೆಯುಂಟೇ ಎಂದು ಯಾರಾದರೂ ಕೇಳಬಹುದು. ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ ಹಾಗೆಯೇ ಕೇಳಿದ್ದ. ಬರಿಯ ರೂಢಿಯನ್ನು ಸದ್ಗುಣವೆನ್ನಲು ಅವನು ಸಿದ್ಧನಿರಲಿಲ್ಲ. (ದಿನವೂ ನಿಗದಿತ ಹೊತ್ತಿಗೆ ವಾಯುವಿಹಾರಕ್ಕೆ ಹೊರಡುವುದರಲ್ಲಿ ಅವನಷ್ಟು ಪ್ರಸಿದ್ಧರಾದವರು ವಿರಳ ಎಂಬುದು ಬೇರೆ ಮಾತು.) ಪ್ರಶ್ನೆ ಯೋಗ್ಯವಾದುದೇ. ಹಲ್ಲುಜ್ಜುವ ಮಗುವನ್ನು ಯಾರೂ ಧರ್ಮಾತ್ಮನೆಂದು ಹೊಗಳುವುದಿಲ್ಲ. ಆದರೆ ತನ್ನ ತಟ್ಟೆ ತಾನೇ ತೊಳೆಯುವ, ಅಜ್ಜಿಯ ಪಕ್ಕ ಹೊತ್ತಿಗೆ ಸರಿಯಾಗಿ ನೀರಿನ ಚೆಂಬು ಇಡುವ ಮಗು ತನ್ನ ಶರೀರದ ಜೊತೆಗೆ ಇನ್ನೊಬ್ಬರನ್ನೂ ಗಮನಿಸಲು ಕಲಿಯುತ್ತಿದೆ. ಆ ಗಮನ ಇರುವವರೆಗೆ ರೂಢಿಯು ಬರಿಯ ಯಂತ್ರವಲ್ಲ. ಬಿಸಿಲು ಹೆಚ್ಚು ಬಾಧಿಸುವುದು ವೃದ್ಧರನ್ನೇ ಎಂಬುದನ್ನೂ ಇಲ್ಲಿ ನೆನೆಯಬೇಕು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 96 ಜನರು ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಒಂದೊಂದು ಅಭ್ಯಾಸವನ್ನು ಆರಿಸಿಕೊಂಡು ದಿನವೂ ಅದೇ ಸಂದರ್ಭದಲ್ಲಿ ಮಾಡಿದರು. ಯೋಚಿಸದೆಯೇ ಮಾಡುವ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವಿನ ಲೆಕ್ಕ 66. ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾನಿಯಾಗಲಿಲ್ಲ. ನಮ್ಮ ರಜೆಯಾದರೋ ಐವತ್ತೇ ದಿನ. ಗೋಡೆಗೆ ಅಂಟಿಸಿದ ಭರ್ಜರಿ ವೇಳಾಪಟ್ಟಿ ಶಾಲೆಯ ಮೊದಲ ಗಂಟೆಯೊಂದಿಗೆ ಹರಿದುಹೋಗುವುದು ಇದರಿಂದಲೇ ಇರಬೇಕು. ರಜೆಗೂ ಶಾಲೆಗೂ ಸಮಾನವಾಗಿರುವ ಗಳಿಗೆಗೆ, ಉದಾಹರಣೆಗೆ ಬೆಳಿಗ್ಗೆ ಮುಖ ತೊಳೆದ ಕೂಡಲೆ ಎಂಬ ಗಳಿಗೆಗೆ, ಒಂದು ಲೋಟ ನೀರನ್ನೋ ಹತ್ತು ನಿಮಿಷದ ನಡಿಗೆಯನ್ನೋ ಕಟ್ಟಿಹಾಕುವುದು ಹೆಚ್ಚು ಜಾಣತನ. ಆ ಒಂದನ್ನು ಮಗುವೇ ಆರಿಸಿಕೊಳ್ಳಲಿ. ಮನೆಯ ಹಿರಿಯರೂ ಅದನ್ನೇ ಮಾಡಲಿ. ಜೂನ್ ಬಂದು ಮಳೆ ಹಿಡಿದಾಗ ಬಾಯಾರಿಕೆ ಇರುವುದಿಲ್ಲ, ಅಂಗಳ ಕೆಸರಾಗಿರುತ್ತದೆ. ಆಗಲೂ ಆ ಕೈ ಲೋಟದ ಕಡೆಗೆ ಹೋಗುತ್ತದೆಯೇ ಎಂಬುದನ್ನು ಮೇ ತಿಂಗಳಲ್ಲಿ ಕುಳಿತು ಯಾರೂ ಹೇಳಲಾರರು.