ವೇಷಕ್ಕೆ ಸಂದ ನಮಸ್ಕಾರ

ಏಣಗಿ ಬಾಳಪ್ಪನವರು ಬಸವಣ್ಣನಾಗಿ ರಂಗಕ್ಕೆ ಬಂದರೆ ಉತ್ತರ ಕರ್ನಾಟಕದ ಪ್ರೇಕ್ಷಕರು ಕೂತಲ್ಲೇ ಕೈ ಮುಗಿಯುತ್ತಿದ್ದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಆ ಪಾತ್ರ ಅವರ ಹೆಸರಿಗೆ ಹೇಗೆ ಅಂಟಿಕೊಂಡಿತೆಂದರೆ, ಬಸವಣ್ಣನೆಂದರೆ ಒಂದು ತಲೆಮಾರಿನ ಕಣ್ಣಿಗೆ ಬಾಳಪ್ಪನವರ ಮುಖವೇ ಕಟ್ಟುತ್ತಿತ್ತು. ಆ ನಮಸ್ಕಾರ ಯಾರಿಗೆ ಸಂದಿತು? ಹನ್ನೆರಡನೆಯ ಶತಮಾನದ ಶರಣನಿಗೋ, ಅವನ ವೇಷ ತೊಟ್ಟ ನಟನಿಗೋ, ಇಬ್ಬರನ್ನೂ ಮೀರಿದ ಮತ್ತೊಂದಕ್ಕೋ? ಸಂಸ್ಕೃತದ ಕಾವ್ಯಮೀಮಾಂಸೆ ಈ ಪ್ರಶ್ನೆಯ ಅರ್ಧದಾರಿಯವರೆಗೆ ಬಂದು ನಿಲ್ಲುತ್ತದೆ. ಉಳಿದರ್ಧಕ್ಕೆ ಶರಣರ ಬಳಿಗೇ ಹೋಗಬೇಕು.

ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಏಣಗಿಯಲ್ಲಿ. ಹುಡುಗರಾಗಿದ್ದಾಗಲೇ ಬಣ್ಣ ಹಚ್ಚಿ, ಆ ಕಾಲದ ಕಂಪನಿ ನಾಟಕಗಳ ರೂಢಿಯಂತೆ ಸ್ತ್ರೀಪಾತ್ರಗಳಿಂದ ಪಳಗಿದರು. ಮುಂದೆ ತಮ್ಮದೇ ಕಲಾವೈಭವ ನಾಟ್ಯಸಂಘವನ್ನು ಕಟ್ಟಿ ಊರಿಂದೂರಿಗೆ ಮುಕ್ಕಾಂ ಹಾಕುತ್ತ ಹೋದರು. ಕಂಠಸಿರಿಯಿದ್ದ ನಟ ಅವರು. ರಂಗಗೀತೆ ಅವರ ಅಭಿನಯದ ಅರ್ಧ ಜೀವ. ಅವರ ಪತ್ನಿ ಲಕ್ಷ್ಮೀಬಾಯಿ ಅದೇ ರಂಗದ ಹೆಸರಾಂತ ನಟಿ. ಮಗ ಏಣಗಿ ನಟರಾಜ ರಂಗಭೂಮಿಯಿಂದ ಕಿರುತೆರೆಗೂ ಚಲನಚಿತ್ರಕ್ಕೂ ಹೋದವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಬಾಳಪ್ಪನವರನ್ನು ಪ್ರಶಸ್ತಿ ಕೊಟ್ಟು ಗೌರವಿಸಿತು. ನೂರು ದಾಟಿ ಬಾಳಿ, 2017ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಅವರು ಬೆಳೆದ ಸೀಮೆಯಲ್ಲಿ ಗುಡಿ ಮತ್ತು ರಂಗ ಬೇರೆಬೇರೆಯಾಗಿ ಇದ್ದದ್ದೇ ಕಡಿಮೆ. ಸವದತ್ತಿಗೆ ಹತ್ತಿರದ ಹೂಲಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಸಾಲೇ ಇದೆ. ಶಾಸನಗಳಲ್ಲಿ ಪೂಲಿ ಎನಿಸಿಕೊಂಡ ಆ ಊರು ಸಾವಿರ ಮಹಾಜನರ ಅಗ್ರಹಾರವಾಗಿತ್ತು. ಪಂಚಲಿಂಗೇಶ್ವರ ಗುಡಿ ಅದರ ಹಿರಿಮೆಗೆ ಇಂದಿಗೂ ಸಾಕ್ಷಿ. ಆ ಕಾಲದ ದಾನಶಾಸನಗಳು ದೇವರಿಗೆ ಭೂಮಿ ಬಿಡುವಾಗ ‘ಅಂಗಭೋಗ, ರಂಗಭೋಗ’ ಎಂಬ ಮಾತುಗಳನ್ನು ಜೊತೆಜೊತೆಯಾಗಿ ಬಳಸುತ್ತವೆ. ದೇವರ ಮೈಗೆ ಸಲ್ಲುವ ಅಭಿಷೇಕ, ಅಲಂಕಾರ, ನೈವೇದ್ಯ ಅಂಗಭೋಗ. ದೇವರ ಮುಂದೆ ನಡೆಯುವ ಹಾಡು, ಕುಣಿತ ರಂಗಭೋಗ. ಗರ್ಭಗುಡಿಯ ಎದುರಿನ ಕಂಬಸಾಲೆಗೆ ರಂಗಮಂಟಪವೆಂಬ ಹೆಸರು ಇನ್ನೂ ಉಳಿದಿದೆ. ನಾಟಕದ ಅಟ್ಟಕ್ಕೂ ದೇವರ ಎದುರಿನ ಅಂಗಳಕ್ಕೂ ಒಂದೇ ಮಾತಿರುವ ನಾಡಿನಲ್ಲಿ ಪಾತ್ರಧಾರಿಗೆ ಕೈ ಮುಗಿಯುವುದು ಅಚ್ಚರಿಯ ಸಂಗತಿಯಲ್ಲ. ಈ ಸುತ್ತಿನಲ್ಲಿ ಆಟಕ್ಕೂ ಕೊರತೆಯಿರಲಿಲ್ಲ. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ಹಳ್ಳಿಹಳ್ಳಿ ಸುತ್ತಿತು. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ಕಥೆಯಾಗಿಯೇ ಹುಟ್ಟಿತು. ಊರ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡ ನಾಟಕಕಾರ ಹೂಲಿ ಶೇಖರ್ ಇದೇ ಮಣ್ಣಿನವರು.

ಇನ್ನು ಪ್ರಶ್ನೆಗೆ ಬರಬೇಕು. ಕೈ ಮುಗಿದ ಹಳ್ಳಿಗ ಮುಗ್ಧ, ಅವನಿಗೆ ನಟನೂ ಪಾತ್ರವೂ ಬೇರೆಯಾಗಿ ಕಾಣಲಿಲ್ಲ ಎಂಬುದು ಓದಿದವರು ಸಾಮಾನ್ಯವಾಗಿ ಕೊಡುವ ಉತ್ತರ. ಈ ಉತ್ತರ ತಪ್ಪು. ಅದನ್ನು ತೋರಿಸಲು ಕಂಪನಿ ನಾಟಕದ ಒಂದೇ ಒಂದು ರೂಢಿ ಸಾಕು. ಹಾಡು ಮನಸ್ಸಿಗೆ ಹಿಡಿಸಿದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು, ನಟ ಅದೇ ಹಾಡನ್ನು ಮತ್ತೆ ಹಾಡುತ್ತಿದ್ದ. ಶೋಕದ ಹಾಡಿಗೂ ಈ ಮರ್ಯಾದೆ ತಪ್ಪುತ್ತಿರಲಿಲ್ಲ. ಎದುರಿಗಿರುವವನು ನಿಜವಾಗಿ ಕಲ್ಯಾಣವನ್ನು ತೊರೆಯುತ್ತಿರುವ ಬಸವಣ್ಣನೆಂದು ನಂಬಿದವನು ಆ ಅಗಲಿಕೆಯನ್ನು ಇನ್ನೊಮ್ಮೆ ಅನುಭವಿಸೆಂದು ಕೇಳಲಾರ. ಹಾಗೆ ಕೇಳಿದವನೇ ಮರುಗಳಿಗೆ ಕೈ ಮುಗಿಯುತ್ತಾನೆ. ಅಂದರೆ ಅವನಿಗೆ ಎರಡೂ ಗೊತ್ತು. ಹಾಡಿದವರು ಏಣಗಿಯ ಬಾಳಪ್ಪನವರು ಎಂಬುದೂ ಗೊತ್ತು, ತಾನು ಕೈ ಮುಗಿದದ್ದು ಬಸವಣ್ಣನಿಗೆ ಎಂಬುದೂ ಗೊತ್ತು.

ಇಂಥ ಇಬ್ಬಗೆಯ ಅರಿವನ್ನು ಒಂಬತ್ತನೆಯ ಶತಮಾನದ ಶಂಕುಕ ಚೆನ್ನಾಗಿ ಗುರುತಿಸಿದ್ದ. ಅವನ ವಾದ ಅಭಿನವಗುಪ್ತನ ‘ಅಭಿನವಭಾರತಿ’ಯಲ್ಲಿ ಉಳಿದುಬಂದಿದೆ, ಕನ್ನಡದ ಓದುಗರಿಗೆ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಪರಿಚಿತ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುತ್ತೇವೆ. ಅದು ಜೀವಂತ ಕುದುರೆಯೆಂಬ ನಿಶ್ಚಯವಲ್ಲ, ಭ್ರಮೆಯಲ್ಲ, ಕುದುರೆಯೋ ಅಲ್ಲವೋ ಎಂಬ ಸಂಶಯವೂ ಅಲ್ಲ, ಕುದುರೆಯಂತಿದೆ ಎಂಬ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಸೇರದ ಐದನೆಯ ಬಗೆಯ ತಿಳಿವು ಅದು. ನಟನನ್ನು ರಾಮನೆಂದು ಕಾಣುವುದೂ ಹೀಗೆಯೇ. ಶಂಕುಕನನ್ನು ಅಭಿನವಗುಪ್ತ ಒಪ್ಪಲಿಲ್ಲ. ರಂಗದಲ್ಲಿ ನಟನ ಆ ಊರು, ಆ ಹೊತ್ತು, ಆ ವ್ಯಕ್ತಿತ್ವ ಮರೆಯಾಗಿ, ನೋಡುವವನ ಸ್ವಂತ ಲಾಭನಷ್ಟಗಳೂ ಕರಗಿ, ಭಾವವೊಂದೇ ಎಲ್ಲರದಾಗಿ ಉಳಿಯುತ್ತದೆ ಎಂಬುದು ಅವನ ನಿಲುವು. ಅವನ ರಸಿಕ ಕುಳಿತಲ್ಲಿ ಕುಳಿತು ತನ್ಮಯನಾಗುತ್ತಾನೆ. ಎದ್ದು ಹೋಗಿ ಪಾದ ಮುಟ್ಟುವುದಿಲ್ಲ. ಮುಟ್ಟಿದರೆ, ಆ ಲೆಕ್ಕದಲ್ಲಿ, ಅವನು ರಸದಿಂದ ಲೋಕಕ್ಕೆ ಜಾರಿದಂತೆ.

ಹಳ್ಳಿಯ ಪ್ರೇಕ್ಷಕ ಮಾತ್ರ ಪಾದ ಮುಟ್ಟುತ್ತಾನೆ. ರಸಸಿದ್ಧಾಂತ ಎಷ್ಟೇ ಸೂಕ್ಷ್ಮವಾದರೂ ನೋಡುವುದನ್ನು ವಿವರಿಸೀತೇ ಹೊರತು ಬಾಗುವುದನ್ನು ವಿವರಿಸಲಾರದು.

ಬಾಗುವುದರ ಅರ್ಥ ಶರಣರಿಗೆ ತಿಳಿದಿತ್ತು. ಶಿವನ ಲಾಂಛನ ಕಂಡಲ್ಲಿ ಬಾಗಬೇಕು, ತೊಟ್ಟವನ ಯೋಗ್ಯತೆಯನ್ನು ಅಳೆಯುತ್ತ ನಿಲ್ಲಬಾರದು ಎಂಬುದು ಬಸವಣ್ಣನ ನಡೆ. ಬಸವಪುರಾಣದ ಒಂದು ಕಥೆ ಇದನ್ನು ತುತ್ತತುದಿಗೆ ಒಯ್ಯುತ್ತದೆ. ಕಳ್ಳರು ಜಂಗಮವೇಷ ಹಾಕಿ, ಲಿಂಗದ ಬದಲು ಬದನೆಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡು ಅವನ ಮನೆಗೆ ಬರುತ್ತಾರೆ. ಬಸವಣ್ಣ ಅವರಿಗೆ ಎಲ್ಲ ಜಂಗಮರಿಗೂ ಮಾಡುವಂತೆಯೇ ಅಡ್ಡಬೀಳುತ್ತಾನೆ. ಬಟ್ಟೆ ಬಿಚ್ಚಿದಾಗ ಬದನೆಕಾಯಿಗಳು ಲಿಂಗವಾಗಿರುತ್ತವೆ. ಇದನ್ನು ಪವಾಡವೆಂದು ಬದಿಗಿಡುವುದು ಸುಲಭ. ಆದರೆ ಕಥೆಯ ಒಳಗೊಂದು ಬಿಗಿಯಾದ ತರ್ಕವಿದೆ: ಸುಳ್ಳು ವೇಷ ನಿಜವಾದದ್ದು ತೊಟ್ಟವನ ಭಕ್ತಿಯಿಂದಲ್ಲ, ಎದುರಿಗಿದ್ದವನ ನಮಸ್ಕಾರದಿಂದ. ಬಾಗಿದವನು ಮೋಸ ಹೋಗಲಿಲ್ಲ. ಬಾಗಿಸಿಕೊಂಡವನು ಮಾತ್ರ ಮೊದಲಿನವನಾಗಿ ಉಳಿಯಲಿಲ್ಲ.

ವಚನಕಾರರೇ ವೇಷಧಾರಿಗಳನ್ನು ಅಷ್ಟೇ ಕಟುವಾಗಿ ಬಯ್ದಿದ್ದಾರಲ್ಲ ಎಂಬ ಆಕ್ಷೇಪ ಸಹಜ. ಬಯ್ದಿರುವುದು ನಿಜ. ಮೈತುಂಬ ವಿಭೂತಿ ಬಳಿದು ಮನಸ್ಸನ್ನು ಹಾಗೇ ಬಿಟ್ಟವರ ಮೇಲೆ ಅವರು ಎರಗಿದ ಬಿರುಸು ಸಾಮಾನ್ಯವಲ್ಲ. ಈ ಎರಡು ಮಾತುಗಳು ಪರಸ್ಪರ ಎದುರಲ್ಲ. ಒಂದು ಬಾಗುವವನಿಗೆ ಹೇಳಿದ್ದು, ಇನ್ನೊಂದು ತೊಡುವವನಿಗೆ. ಬಾಗುವವನು ಪರೀಕ್ಷಿಸಬೇಕಾಗಿಲ್ಲ, ತೊಟ್ಟವನು ತನ್ನನ್ನು ಪರೀಕ್ಷಿಸಿಕೊಳ್ಳದೆ ಇರುವಂತಿಲ್ಲ. ನಮಸ್ಕಾರ ಪಾತ್ರಕ್ಕೆ ಸಲ್ಲುತ್ತದೆ, ಅದರ ಋಣ ಮಾತ್ರ ನಟನ ತಲೆಗೆ ಬರುತ್ತದೆ. ದೇವರ, ಶರಣರ ಪಾತ್ರ ಕಟ್ಟುವ ದಿನ ಎಷ್ಟೋ ಕಲಾವಿದರು ಮಿಂದು ಮಡಿಯಾಗಿ, ಮಾಂಸ ಮದ್ಯ ಬಿಟ್ಟು ಬಣ್ಣದ ಪೆಟ್ಟಿಗೆ ಮುಟ್ಟುತ್ತಿದ್ದುದಕ್ಕೆ ಇದೇ ಕಾರಣ. ಅಭಿನಯ ಚೆನ್ನಾಗಲಿ ಎಂದಲ್ಲ, ಬರಲಿರುವ ನಮಸ್ಕಾರವನ್ನು ಹೊರಲು ಮೈ ತಯಾರಿರಲಿ ಎಂದು.

ಕಲ್ಯಾಣದ ಶರಣರಲ್ಲಿ ಒಬ್ಬ ನಟನೇ ಇದ್ದ ಎಂಬುದನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಬಹುರೂಪಿ ಚೌಡಯ್ಯ ಬಗೆಬಗೆಯ ವೇಷ ತೊಟ್ಟು ಆಡುವುದನ್ನೇ ಕಾಯಕ ಮಾಡಿಕೊಂಡವನು. ‘ರೇಕಣ್ಣಪ್ರಿಯ ನಾಗಿನಾಥ’ ಅವನ ಅಂಕಿತ. ಮನುಸ್ಮೃತಿ ನಟನ ಮನೆಯ ಅನ್ನವನ್ನು ಉಣ್ಣಬಾರದ ಅನ್ನಗಳ ಪಟ್ಟಿಗೆ ಸೇರಿಸಿತ್ತು. ಭರತನ ನಾಟ್ಯಶಾಸ್ತ್ರವೇ ಕೊನೆಗೆ, ಋಷಿಗಳನ್ನು ಅಣಕಿಸಿದ ನಟರಿಗೆ ಶಾಪ ತಟ್ಟಿದ ಕಥೆ ಹೇಳುತ್ತದೆ. ಅಂಥ ಲೋಕದಲ್ಲಿ ಒಬ್ಬ ವೇಷಗಾರನನ್ನು ಅವನ ವೇಷದ ಕಾಯಕದ ಸಮೇತ ಶರಣನೆಂದು ಕರೆದದ್ದು ಕಲ್ಯಾಣದ ದೊಡ್ಡತನ. ವೇಷ ಕಳಚಿ ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಈ ದೊಡ್ಡತನ ಮುಂದಿನ ಸಮಾಜಕ್ಕೆ ಪೂರ್ತಿ ದಕ್ಕಲಿಲ್ಲ. ರಾತ್ರಿ ಅಕ್ಕಮಹಾದೇವಿಯಾಗಿ ಕೈ ಮುಗಿಸಿಕೊಂಡ ಕಂಪನಿಯ ನಟಿ ಹಗಲು ಬೀದಿಯಲ್ಲಿ ನಡೆದರೆ ಹಗುರ ಮಾತು ಕೇಳಬೇಕಿತ್ತು. ಮರ್ಯಾದಸ್ಥರ ಓಣಿಯಲ್ಲಿ ಬಾಡಿಗೆ ಮನೆ ಸಿಗುವುದೂ ಕಷ್ಟವಿತ್ತು. ಪುರುಷ ನಟನಿಗೆ ಬಸವಣ್ಣನ ಗೌರವ ಬೆಳಗಿನವರೆಗೂ ಅಷ್ಟಿಷ್ಟು ಉಳಿಯುತ್ತಿತ್ತು, ನಟಿಗೆ ಅಕ್ಕನ ಗೌರವ ಪರದೆಯೊಂದಿಗೇ ಬೀಳುತ್ತಿತ್ತು. ಋಣ ನಟನದು ಎನ್ನುವಾಗ ಬಾಗಿದವನದೂ ಒಂದು ಪಾಲಿದೆ ಎಂಬುದನ್ನು ಮರೆತದ್ದರ ಫಲ ಇದು. ಬಾಗಿದ ತಲೆ ಮರುದಿನ ಅದೇ ವ್ಯಕ್ತಿಯನ್ನು ತುಚ್ಛವಾಗಿ ಕಂಡರೆ ಹಿಂದಿನ ರಾತ್ರಿಯ ನಮಸ್ಕಾರವೂ ಸುಳ್ಳಾಗುತ್ತದೆ.

ಚಲನಚಿತ್ರ ಬಂದ ಮೇಲೆ ಈ ಋಣದ ಲೆಕ್ಕ ಬದಲಾಯಿತು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರವನ್ನು ಟಿ. ವಿ. ಸಿಂಗ್ ಠಾಕೂರ್ ನಿರ್ದೇಶಿಸಿದರು. ಹೊನ್ನಪ್ಪ ಭಾಗವತರ್ ಬಸವಣ್ಣನಾದರು, ರಾಜ್‌ಕುಮಾರ್ ಬಿಜ್ಜಳನಾದರು. ಅದೇ ರಾಜ್‌ಕುಮಾರ್ ಕಣ್ಣಪ್ಪನಾಗಿ, ಕನಕದಾಸನಾಗಿ, ತುಕಾರಾಮನಾಗಿ, 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಕಂಡರು. ತೆರೆಯ ಮುಂದೆಯೂ ಜನ ಕೈ ಮುಗಿದರು. 1975ರ ಹಿಂದಿ ಚಿತ್ರ ‘ಜೈ ಸಂತೋಷಿ ಮಾ’ ನೋಡಲು ಹೋದವರು ಚಿತ್ರಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಆದರೆ ಆ ನಮಸ್ಕಾರ ಸಂದ ಹೊತ್ತಿಗೆ ನಟ ಅಲ್ಲಿಲ್ಲ. ಬಾಗಿದ ತಲೆಗಳನ್ನು ಕಂಡು ಅಳುಕುವ ಅವಕಾಶವೇ ಅವನಿಗಿಲ್ಲ. ಬಾಳಪ್ಪನವರಂಥ ರಂಗನಟ ಪ್ರತಿ ರಾತ್ರಿ ಆ ಭಾರವನ್ನು ಎದುರಾಎದುರು ಹೊರಬೇಕಿತ್ತು. ತೆರೆಯ ನಟನಿಗೆ ಅದು ದೂರದಿಂದ, ಕೀರ್ತಿಯಾಗಿ ಬದಲಾಗಿ ಬಂದು ಸೇರುತ್ತದೆ. ಕೀರ್ತಿಯನ್ನು ತನ್ನದೆಂದುಕೊಳ್ಳುವುದು ಸುಲಭ. ತೆಲುಗು ತೆರೆಯ ರಾಮ, ಕೃಷ್ಣರಾಗಿ ಮನೆಮನೆಯ ಪಟಗಳನ್ನೇರಿದ್ದ ಎನ್. ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಗೆಲುವಿಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಆದರೂ ಪಾತ್ರಕ್ಕೆ ಸಂದ ಭಕ್ತಿ ನಟನ ಸ್ವಂತ ಖಾತೆಗೆ ಎಷ್ಟು ಸಲೀಸಾಗಿ ಜಮೆಯಾಗಬಲ್ಲದು ಎಂಬುದನ್ನು ಆ ಚುನಾವಣೆ ತೋರಿಸಿತು.

ವೇಷ ಯಾರದು, ತೊಡುವವನು ಯಾರು ಎಂಬ ಇನ್ನೊಂದು ತೊಡಕಿಗೆ ದೂರದ ಉದಾಹರಣೆಯೊಂದು ಬೆಳಕು ಬೀರುತ್ತದೆ. ವಾರ್ನರ್ ಓಲಂಡ್ 1879ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದ ನಟ. 1927ರ ‘ದಿ ಜಾಝ್ ಸಿಂಗರ್’ ಚಿತ್ರದಲ್ಲಿ ಆತ ಯಹೂದಿ ಪ್ರಾರ್ಥನಾಮಂದಿರದ ಗಾಯಕನಾಗಿ ನಟಿಸಿದ. ಆ ಕಥೆಯಲ್ಲಿ ಮಗ ರಂಗದ ಹಾಡಿನ ಬೆನ್ನು ಹತ್ತುತ್ತಾನೆ, ತಂದೆ ಅವನನ್ನು ಮನೆಯಿಂದ ಹೊರಹಾಕುತ್ತಾನೆ. ತಂದೆ ಸಾಯುವ ಹೊತ್ತಿಗೆ ಪ್ರಾಯಶ್ಚಿತ್ತದ ಹಬ್ಬದ ರಾತ್ರಿ ಮಗ ಹಿಂತಿರುಗಿ ಮಂದಿರದಲ್ಲಿ ಹಾಡುತ್ತಾನೆ. ರಂಗಭೋಗವನ್ನು ದೇವರ ಸೇವೆಯೆಂದು ಕಲ್ಲಿನಲ್ಲಿ ಕೆತ್ತಿದ ನಾಡಿಗೆ ಈ ಜಗಳದ ಬುಡವೇ ಕೊಂಚ ಹೊರಗಿನದೆನಿಸುತ್ತದೆ. 1931ರಿಂದ ಓಲಂಡ್ ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನಾಗಿ 16 ಚಿತ್ರಗಳಲ್ಲಿ ಕಾಣಿಸಿಕೊಂಡು ಲೋಕಪ್ರಸಿದ್ಧನಾದ; 1938ರಲ್ಲಿ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡ. ಅಭಿನಯ ಹದವಾದದ್ದೇ. ಆದರೆ ಚೀನೀ ಮೂಲದ ನಟರಿಗೆ ಅಲ್ಲಿನ ತೆರೆಯಲ್ಲಿ ನಾಯಕನ ಪಾತ್ರ ಸಿಗದಿದ್ದ ಕಾಲದಲ್ಲಿ ಅವರ ಮುಖವನ್ನು ಬೇರೊಬ್ಬ ತೊಟ್ಟದ್ದು ಅದು. ಬಾಳಪ್ಪನವರು ತೊಟ್ಟ ರೂಪವಾದರೋ ಎದುರಿಗೆ ಕೂತವರ ಮನೆಯದು. ಆ ವಚನಗಳನ್ನು ಅವರೂ ಬಲ್ಲರು, ಇವರೂ ಬಲ್ಲರು. ಜನ ತಮ್ಮಲ್ಲೇ ಒಬ್ಬನನ್ನು ಆ ಎತ್ತರಕ್ಕೆ ಕಳಿಸಿ, ಅಲ್ಲಿಂದ ಬಸವಣ್ಣನನ್ನು ತಮಗೆ ತೋರಿಸೆಂದು ಕೇಳಿದಂತಿತ್ತು ಆ ಏರ್ಪಾಡು.

ಸವದತ್ತಿಯ ಗುಡ್ಡದ ಮೇಲೆ ಎಲ್ಲಮ್ಮನ ಜೋಗಪ್ಪಂದಿರಿದ್ದಾರೆ. ದೇವಿಯ ಹೆಸರಲ್ಲಿ ಸೀರೆ ಉಟ್ಟ ಮೇಲೆ ಅವರು ಅದನ್ನು ಕಳಚುವುದಿಲ್ಲ. ಅವರ ಪಾಲಿಗೆ ಅದು ವೇಷವೇ ಅಲ್ಲ, ಬಾಳು. ನಟ ಹಾಗಲ್ಲ. ಅವನು ಬೆಳಗಾಗುವುದರೊಳಗೆ ಬಣ್ಣ ತೊಳೆಯಬೇಕು, ಸಂಜೆ ಮತ್ತೆ ಹಚ್ಚಬೇಕು. ಅದಕ್ಕೇ ಇರಬೇಕು, ಕಂಪನಿ ನಾಟಕ ಶುರುವಾಗುವುದು ಪ್ರೇಕ್ಷಕರ ನಮಸ್ಕಾರದಿಂದಲ್ಲ. ಪರದೆ ಏಳುವ ಮೊದಲು ರಂಗಪೂಜೆಯಾಗುತ್ತದೆ, ತೆಂಗಿನಕಾಯಿ ಒಡೆಯುತ್ತಾರೆ, ಬಣ್ಣ ಹಚ್ಚಿದ ನಟರೆಲ್ಲ ಸಾಲಾಗಿ ನಿಂತು ನಾಂದಿ ಹಾಡುತ್ತಾರೆ. ಬಸವಣ್ಣನ ವೇಷದಲ್ಲಿರುವವರೂ ಆ ಸಾಲಿನಲ್ಲಿ ನಿಂತು, ತಾವು ತುಳಿಯಲಿರುವ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತಮ್ಮ ಜಾಗಕ್ಕೆ ಹೋಗುತ್ತಾರೆ. ಪರದೆ ಆಮೇಲೆ ಏಳುತ್ತದೆ.